ಮನೆಗೊಂದು ಹವಾಮಾನ ಕೇಂದ್ರ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

2020ನೆಯ ಇಸವಿಯ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಯನ್ನು ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರು ಯಾರೂ ಮರೆತಿರಲಾರರು. ಅಂದು ಬೆಳಿಗ್ಗೆ ಕಾಕಿನಾಡದ ಸಮೀಪ ಕರಾವಳಿಯನ್ನು ದಾಟಿದ ವಾಯುಭಾರ ಕುಸಿತವು ತೆಲಂಗಾಣದ ಮೇಲೆ ಹಾದುಹೋಯಿತು. ಮರುದಿನ ಬೆಳಿಗ್ಗೆ ಬೇಗಂಪೇಟೆಯ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳ ಮಳೆಯ ಪ್ರಮಾಣ 191.8 ಮಿಲಿಮೀಟರ್ ಎಂದು ದಾಖಲಾಯಿತು. ಅದೇ ಅವಧಿಯಲ್ಲಿ ನಗರದ ಪೂರ್ವದಂಚಿನ ಘಟ್‌ಕೇಸರ್ ಕಡೆಯ ಒಂದು ಸ್ವಯಂಚಾಲಿತ ಕೇಂದ್ರದಲ್ಲಿ 320 ಮಿ.ಮೀ.ಗೂ ಮೀರಿದ ಮಳೆ ದಾಖಲಾಗಿತ್ತು. ನಮ್ಮ ಜೀಡಿಮೆಟ್ಲಾದ ಫಾಕ್ಸ್ ಸಾಗರ್ ಕೆರೆ ತುಂಬಿ ಹರಿದು, ಕೊಂಪಲ್ಲಿಯ ಉಮಾಮಹೇಶ್ವರ ಕಾಲೊನಿಯ ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು.

ನಗರ ಒಂದೇ, ರಾತ್ರಿಯೂ ಒಂದೇ, ಆದರೆ ಮಳೆ ಒಂದೇ ಆಗಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ 'ಹೈದರಾಬಾದಿನಲ್ಲಿ 19 ಸೆಂಟಿಮೀಟರ್ ಮಳೆ' ಎಂದು ಓದಿದವರಿಗೆ ತಮ್ಮ ಬೀದಿಯಲ್ಲಿ ಬಿದ್ದದ್ದು ಎಷ್ಟೆಂಬುದು ಅದರಿಂದ ತಿಳಿಯಲಿಲ್ಲ. ಮಳೆಯ ವಿಷಯದಲ್ಲಿ ಏಳೆಂಟು ಕಿಲೋಮೀಟರುಗಳ ಅಂತರವೂ ಬಹಳ ದೊಡ್ಡದು. ಬೇಗಂಪೇಟೆಗೂ ಜೀಡಿಮೆಟ್ಲಾಕ್ಕೂ ಇರುವ ನೇರ ದೂರ ಹೆಚ್ಚುಕಡಿಮೆ ಅಷ್ಟೇ ಆಗಿದೆ.

ಈ ಕೊರತೆಯನ್ನು ಮನೆಯಲ್ಲಿಯೇ ನೀಗಿಸಿಕೊಳ್ಳಬೇಕೆಂಬ ಆಸಕ್ತಿ ಇತ್ತೀಚಿನ ವರ್ಷಗಳಲ್ಲಿ ಹಲವರಲ್ಲಿ ಮೂಡಿದೆ. ನಿವೃತ್ತಿಯ ಹೊಸ್ತಿಲಲ್ಲಿರುವವರು, ಶಾಲೆಗೆ ಹೋಗುವ ಮಕ್ಕಳಿರುವವರು, ತಾರಸಿಯಲ್ಲಿ ಹೂಗಿಡ ಬೆಳೆಸುವವರು 'ಮನೆಯ ಹವಾಮಾನ ಕೇಂದ್ರ'ವೊಂದನ್ನು ಕೊಳ್ಳಬೇಕೆಂದಿದ್ದೇವೆ, ಯಾವುದು ಒಳ್ಳೆಯದು ಎಂದು ವಿಚಾರಿಸುತ್ತಾರೆ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು: ಉಪಕರಣದ ಆಯ್ಕೆ ಕೊನೆಯದಾಗಿರಲಿ. ಏನನ್ನು ತಿಳಿಯಬೇಕೆಂಬುದು ಮೊದಲು ನಿಶ್ಚಯವಾಗಬೇಕು. ಅದನ್ನು ಸರಿಯಾಗಿ ಅಳೆಯುವಂಥ ಜಾಗ ಮನೆಯಲ್ಲಿದೆಯೇ ಎಂಬುದನ್ನು ಆಮೇಲೆ ನೋಡಬೇಕು. ಇವೆರಡೂ ಇತ್ಯರ್ಥವಾದರೆ ಕೊಳ್ಳಬೇಕಾದುದು ಯಾವುದೆಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಅಳೆಯುವ ಪರಂಪರೆ

ಮಳೆಯನ್ನು ಅಳೆಯುವುದು ನಮ್ಮ ದೇಶಕ್ಕೆ ಹೊಸತಲ್ಲ. ಉಗ್ರಾಣದ ಮುಂದೆ ಒಂದು ಅರತ್ನಿ ಅಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಸಲಾಗಿದೆ. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ.

ಹೈದರಾಬಾದಿಗೂ ಕನ್ನಡಿಗರಿಗೂ ಮಳೆಯ ಲೆಕ್ಕದ ಮೂಲಕವೇ ಒಂದು ನಂಟಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹ ಈ ನಗರವನ್ನು ಹಾಳುಗೆಡವಿತು. ಮರುವರ್ಷ ನಿಜಾಮ ಸರಕಾರದ ಕರೆಯ ಮೇರೆಗೆ ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಪ್ರವಾಹವನ್ನು ತಡೆಯುವ ಜಲಾಶಯಗಳು ಎಷ್ಟು ದೊಡ್ಡವಾಗಿರಬೇಕೆಂದು ನಿರ್ಧರಿಸಲು ನದೀಪಾತ್ರದ ಮೇಲ್ಭಾಗದಲ್ಲಿ ಎಷ್ಟು ಮಳೆ ಬಿದ್ದಿತ್ತೆಂಬುದು ಅವರಿಗೆ ತಿಳಿಯಬೇಕಾಗಿತ್ತು. ಶಂಶಾಬಾದಿನ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ 12.8 ಇಂಚು, ಎಂದರೆ ಸುಮಾರು 325 ಮಿ.ಮೀ. ಮಳೆ ದಾಖಲಾಗಿತ್ತು. ಯಾರೋ ಒಬ್ಬ ನೌಕರನು ಆ ಭೀಕರ ದಿನದಲ್ಲಿಯೂ ತಪ್ಪದೆ ಬರೆದಿಟ್ಟ ಅಂತಹ ಅಂಕಿಗಳ ಆಧಾರದ ಮೇಲೆ ಯೋಜನೆ ರೂಪುಗೊಂಡಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು.

ತವರು ನಾಡಿನಲ್ಲಂತೂ ಈ ಅಭ್ಯಾಸ ಮನೆಮನೆಯದು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವವರಿದ್ದಾರೆ. ಇಂಚಿನ ನೂರನೆಯ ಒಂದು ಭಾಗವೇ ಸೆಂಟು. ಹೂಮಳೆ ಎಷ್ಟು ಸೆಂಟು ಬಿದ್ದಿತೆಂಬುದರ ಮೇಲೆ ಆ ವರ್ಷದ ಫಸಲೇ ನಿಂತಿರುತ್ತದೆ. ಸುಳ್ಯ, ಪುತ್ತೂರುಗಳ ಅಡಿಕೆ ಕೃಷಿಕರಲ್ಲಿಯೂ ದಶಕಗಳ ಮಳೆ ಲೆಕ್ಕವನ್ನು ಇಟ್ಟವರಿದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಆದುದರಿಂದ ಮನೆಯಲ್ಲಿ ಮಳೆಮಾಪಕ ಇಡುವವರು ಹೊಸದೊಂದು ಚಟ ಹಚ್ಚಿಕೊಂಡರೆಂದು ಯಾರೂ ಭಾವಿಸಬೇಕಾಗಿಲ್ಲ.

ತಿಳಿಯಬೇಕಾದದ್ದು ಏನು?

ಜೀಡಿಮೆಟ್ಲಾದಂಥ ಬಡಾವಣೆಯಲ್ಲಿ ವಾಸಿಸುವ ಕುಟುಂಬಕ್ಕೆ ಹವಾಮಾನದಿಂದ ಬರುವ ಪ್ರಶ್ನೆಗಳು ಮುಖ್ಯವಾಗಿ ನೀರಿಗೆ ಸಂಬಂಧಿಸಿದವು. ಒಂದು ಗಂಟೆಯಲ್ಲಿ ಎಷ್ಟು ಮಳೆ ಬಿದ್ದರೆ ನಮ್ಮ ಬೀದಿಯ ಮೋರಿ ಉಕ್ಕುತ್ತದೆ? ಎಷ್ಟು ಬಿದ್ದರೆ ವಾಹನಗಳನ್ನು ನೆಲಮಾಳಿಗೆಯಿಂದ ಮೇಲಕ್ಕೆ ತರಬೇಕು? ತಾರಸಿಯ ನೀರನ್ನು ಸಂಪಿಗೋ ಇಂಗುಗುಂಡಿಗೋ ಹರಿಸಿದರೆ ವರ್ಷಕ್ಕೆ ಎಷ್ಟು ದೊರಕೀತು?

ಕೊನೆಯ ಪ್ರಶ್ನೆಗೆ ಸರಳವಾದ ಲೆಕ್ಕವಿದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 2000 ಲೀಟರ್. ಹೀರಿಕೆ, ಸೋರಿಕೆಗಳನ್ನು ಕಳೆದು ನೂರಕ್ಕೆ ಎಂಬತ್ತರಷ್ಟು ಕೈಗೆ ಸಿಕ್ಕಿದರೂ 1600 ಲೀಟರ್ ಆಯಿತು. ವರ್ಷಕ್ಕೆ 800 ಮಿ.ಮೀ. ಮಳೆಯೆಂದು ಹಿಡಿದರೆ 64,000 ಲೀಟರ್, ಎಂದರೆ 5000 ಲೀಟರಿನ ಸುಮಾರು 13 ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತವರಿಗೆ ಈ ಲೆಕ್ಕದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಶ್ನೆಗಳೆಲ್ಲಕ್ಕೂ ಬೇಕಾದುದು ಮಳೆಮಾಪಕವೊಂದೇ. ಗಾಳಿಯ ದಿಕ್ಕು, ಅತಿನೇರಳೆ ಕಿರಣಗಳ ಪ್ರಮಾಣ, ಬಣ್ಣದ ಪರದೆ ಮೊದಲಾದವು ಪೆಟ್ಟಿಗೆಯ ಮೇಲೆ ಆಕರ್ಷಕವಾಗಿ ಕಾಣುತ್ತವೆ. ಆದರೆ ಮನೆಯ ಪ್ರಶ್ನೆಗೆ ಉತ್ತರ ನೀಡುವ ಉಪಕರಣಕ್ಕೆ ಮೊದಲ ಹಣ ಸಲ್ಲಬೇಕು.

ಮೊದಲ ಉಪಕರಣ: ಕೈಯಳತೆಯ ಮಳೆಮಾಪಕ

ಹೊಸಬರು ಮೊದಲು ಕೊಳ್ಳಬೇಕಾದುದು ವಿದ್ಯುತ್ತಾಗಲಿ ಬ್ಯಾಟರಿಯಾಗಲಿ ಬೇಡದ ಸಾಮಾನ್ಯ ಮಳೆಮಾಪಕ. ಮೇಲೊಂದು ಆಲಿಕೆ, ಕೆಳಗೊಂದು ಪಾತ್ರೆ, ಅಳೆಯಲು ಗೆರೆ ಹಾಕಿದ ಗಾಜಿನ ಜಾಡಿ, ಇಷ್ಟೇ ಅದರ ರಚನೆ. ಹವಾಮಾನ ಇಲಾಖೆಯ ಕೇಂದ್ರಗಳಲ್ಲಿಯೂ ಇದೇ ತತ್ತ್ವದ ಮಾಪಕಗಳಿದ್ದು, ಅವುಗಳ ಬಾಯಿಯ ವಿಸ್ತೀರ್ಣ ಸಾಮಾನ್ಯವಾಗಿ 200 ಚದರ ಸೆಂಟಿಮೀಟರ್ ಇರುತ್ತದೆ.

ಇದನ್ನು ಮನೆಯಲ್ಲಿಯೂ ತಯಾರಿಸಬಹುದು. 16 ಸೆಂ.ಮೀ. ವ್ಯಾಸದ ಆಲಿಕೆಯ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ 201 ಚದರ ಸೆಂ.ಮೀ. ಆಗುತ್ತದೆ. ಆಗ ಪಾತ್ರೆಯಲ್ಲಿ ಸಂಗ್ರಹವಾದ ಪ್ರತಿ 20 ಮಿಲಿಲೀಟರ್ ನೀರು ಒಂದು ಮಿಲಿಮೀಟರ್ ಮಳೆಗೆ ಸಮ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ 100 ಮಿಲಿಲೀಟರಿನ ಅಳತೆ ಜಾಡಿಯೊಂದು ಪೂರ್ತಿ ತುಂಬಿದರೆ 5 ಮಿ.ಮೀ. ಮಳೆ. ಮಕ್ಕಳಿಗೆ ಗಣಿತವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ದೊರೆಯುವುದು ಕಷ್ಟ.

ಕೆಳಗಿನ ಪಾತ್ರೆ ಮಾತ್ರ ದೊಡ್ಡದಿರಲಿ. 2020ರ ಅಕ್ಟೋಬರಿನಲ್ಲಿ ಬೇಗಂಪೇಟೆಯಲ್ಲಿ ಬಿದ್ದಂಥ ಮಳೆಗೆ ಈ ಆಲಿಕೆಯಲ್ಲಿ 3.8 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. 2000ನೆಯ ಇಸವಿಯ ಆಗಸ್ಟ್ 24ರಂದು ನಗರದಲ್ಲಿ ದಾಖಲಾದ 241.5 ಮಿ.ಮೀ. ಮಳೆಗೆ 4.8 ಲೀಟರಿಗೂ ಹೆಚ್ಚು ಬೇಕು. ಘಟ್‌ಕೇಸರ್ ಕಡೆಯ ಮಳೆಯನ್ನು ಹಿಡಿಯಬೇಕಾದರೆ ಆರೂವರೆ ಲೀಟರ್. ಆದುದರಿಂದ ಏಳು ಲೀಟರಿನ ಪಾತ್ರೆ ಕ್ಷೇಮ. ಸಣ್ಣ ಪಾತ್ರೆಯು ಮುನ್ನೂರರವತ್ತನಾಲ್ಕು ದಿನ ಸರಿಯಾಗಿ ಅಳೆದು, ಅಳತೆ ನಿಜವಾಗಿ ಬೇಕಾದ ಆ ಒಂದು ದಿನ ತುಂಬಿ ಚೆಲ್ಲಿಬಿಡುತ್ತದೆ.

ಇಡುವ ಜಾಗದ ನಿಯಮವೂ ಸರಳ. ಮಾಪಕದ ಅಂಚು ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಸಮತಟ್ಟಾಗಿರಬೇಕು. ಗೋಡೆ, ಮರ, ನೀರಿನ ಟ್ಯಾಂಕು ಮುಂತಾದ ಯಾವುದೇ ತಡೆಯಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಟ್ಯಾಂಕು ಮೂರು ಮೀಟರ್ ಎತ್ತರವಿದ್ದರೆ ಆರು ಮೀಟರ್ ದೂರ. ಅಂಗಳವಿಲ್ಲದವರು ತಾರಸಿಯನ್ನು ಆಶ್ರಯಿಸಬೇಕಾಗುತ್ತದೆ. ಅಲ್ಲಿ ಅಂಚಿನ ಗೋಡೆಗೆ ಬಡಿದ ಗಾಳಿ ಮೇಲಕ್ಕೆ ತಿರುಗಿ ಹನಿಗಳನ್ನು ಪಕ್ಕಕ್ಕೆ ತಳ್ಳುವುದರಿಂದ ಮಾಪಕವು ತಾರಸಿಯ ನಡುಭಾಗದಲ್ಲಿರಬೇಕು.

ತಾನೇ ಎಣಿಸುವ ಮಳೆಮಾಪಕ

ಕೈಯಳತೆಯ ಮಾಪಕವು ಒಟ್ಟು ಮಳೆಯನ್ನು ಹೇಳುತ್ತದೆ. ಯಾವ ಗಂಟೆಯಲ್ಲಿ ಎಷ್ಟು ಬಿದ್ದಿತೆಂಬುದನ್ನು ಹೇಳಲಾರದು. ಮೋರಿ ಉಕ್ಕುವ ಪ್ರಶ್ನೆಗೆ ಉತ್ತರ ಬೇಕಾದವರಿಗೆ ಎರಡನೆಯ ಹಂತದಲ್ಲಿ ಸ್ವಯಂಚಾಲಿತ ಮಾಪಕ ಬೇಕಾಗುತ್ತದೆ. ಇದರೊಳಗೆ ತಕ್ಕಡಿಯ ತಟ್ಟೆಗಳಂತೆ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ನೀರನ್ನು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ನೀರಿಗೆ ಬಾಯೊಡ್ಡುತ್ತದೆ. ಪ್ರತಿ ವಾಲುವಿಕೆಯನ್ನೂ ಯಂತ್ರವು 0.2 ಅಥವಾ 0.3 ಮಿ.ಮೀ. ಎಂದು ಎಣಿಸಿಕೊಳ್ಳುತ್ತದೆ.

ಇದರ ಮಿತಿಯನ್ನು ತಿಳಿದಿರಬೇಕು. ಬಟ್ಟಲು ವಾಲುವ ಕ್ಷಣದಲ್ಲಿಯೂ ನೀರು ಸುರಿಯುತ್ತಿರುವುದರಿಂದ, ಮಳೆ ಬಿರುಸಾದಷ್ಟೂ ಲೆಕ್ಕಕ್ಕೆ ಸಿಗದ ನೀರು ಹೆಚ್ಚುತ್ತದೆ. ಆಲಿಕೆಯಲ್ಲಿ ಎಲೆ, ಧೂಳು, ಪಾರಿವಾಳದ ಹಿಕ್ಕೆ ಸಿಕ್ಕಿಕೊಂಡರೆ ನೀರು ಹನಿಹನಿಯಾಗಿ ಇಳಿದು, ರಾತ್ರಿಯ ಮಳೆ ಬೆಳಗಿನ ಹೊತ್ತಿನಲ್ಲಿ ದಾಖಲಾಗುತ್ತದೆ. ಕೈಗಾರಿಕಾ ಪ್ರದೇಶವಾದ ಜೀಡಿಮೆಟ್ಲಾದ ಧೂಳಿನಲ್ಲಿ ತಿಂಗಳಿಗೊಮ್ಮೆಯಾದರೂ ಶುಚಿಗೊಳಿಸುವುದು ಅಗತ್ಯ. ಹನಿಗಳು ಬಡಿಯುವ ರಭಸದಿಂದ ಮಳೆಯನ್ನು ಅಂದಾಜಿಸುವ, ಚಲಿಸುವ ಭಾಗಗಳಿಲ್ಲದ ಮಾಪಕಗಳೂ ಈಗ ಬಂದಿವೆ. ಅವುಗಳಿಗೆ ಕಸದ ಕಾಟವಿಲ್ಲವಾದರೂ ಅವು ನೀರನ್ನೇ ಅಳೆಯುವುದಿಲ್ಲವೆಂಬುದು ನೆನಪಿರಲಿ. ಈ ಕಾರಣದಿಂದಲೇ ಕೈಯಳತೆಯ ಮಾಪಕವನ್ನು ಮೊದಲು ಕೊಳ್ಳಬೇಕೆಂದು ಹೇಳಿದೆವು. ಯಂತ್ರ ಬಂದ ಮೇಲೂ ಅದನ್ನು ಪಕ್ಕದಲ್ಲಿಯೇ ಉಳಿಸಿಕೊಂಡು ಒಂದು ಮಳೆಗಾಲ ಪೂರ್ತಿ ಎರಡನ್ನೂ ತಾಳೆ ನೋಡಬೇಕು. ಬ್ಯಾಂಕಿನಲ್ಲಿ ಎರಡು ಪುಸ್ತಕಗಳ ಲೆಕ್ಕ ಹೊಂದಿದ ಮೇಲಷ್ಟೇ ದಿನದ ಕೆಲಸ ಮುಗಿಯಿತೆನ್ನುವ ಹಾಗೆ ಇಲ್ಲಿಯೂ ನಡೆಯಬೇಕು.

ಪರದೆಯ ಮೇಲೆ ಕಾಣುವ 'ಮಳೆಯ ವೇಗ'ವನ್ನು ಮಳೆಯ ಮೊತ್ತವೆಂದು ಭಾವಿಸಬಾರದು. ಗಂಟೆಗೆ 100 ಮಿ.ಮೀ. ಎಂದು ಪರದೆ ತೋರಿಸಿದರೂ, ಆ ಬಿರುಸು ಆರು ನಿಮಿಷ ಮಾತ್ರ ಇದ್ದರೆ ಬಿದ್ದ ಮಳೆ 10 ಮಿ.ಮೀ. ಅಷ್ಟೇ. ಈ ಎರಡನ್ನು ಬೆರೆಸಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯಬಿಡುವ ಸಂದೇಶಗಳು ನೆರೆಹೊರೆಯಲ್ಲಿ ಅನಗತ್ಯ ಭಯವನ್ನು ಹುಟ್ಟಿಸುತ್ತವೆ.

ಉಷ್ಣತೆ ಮತ್ತು ಆರ್ದ್ರತೆ

ಉಷ್ಣತಾಮಾಪಕವು ಅಗ್ಗ, ಆದರೆ ಅದನ್ನು ಸರಿಯಾಗಿ ಇಡುವುದು ಎಲ್ಲಕ್ಕಿಂತ ಕಷ್ಟ. ಅಳೆಯಬೇಕಾದುದು ಗಾಳಿಯ ಉಷ್ಣತೆಯನ್ನು. ಬಿಸಿಲಿಗೆ ಕಾದ ಗೋಡೆಯ ಅಥವಾ ತಾರಸಿಯ ಉಷ್ಣತೆ ನಮಗೆ ಬೇಡ. ಇದಕ್ಕಾಗಿಯೇ ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳುಳ್ಳ ಮರದ ಪೆಟ್ಟಿಗೆಯೊಳಗೆ ಮಾಪಕವನ್ನು ಇಡುತ್ತಾರೆ. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನರ ತಂದೆ, ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ ಪೆಟ್ಟಿಗೆಯಾದುದರಿಂದ ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆಯೆಂದೇ ಹೆಸರು. ಮನೆಯ ಕೇಂದ್ರಗಳಲ್ಲಿ ಒಂದರ ಮೇಲೊಂದು ಕವುಚಿಟ್ಟ ಬಿಳಿ ತಟ್ಟೆಗಳಂಥ ಕವಚವು ಅದೇ ಕೆಲಸವನ್ನು ಮಾಡುತ್ತದೆ. ಕವಚವಿಲ್ಲದ ಸಂವೇದಕವನ್ನು ಎಷ್ಟೇ ಅಗ್ಗವಾದರೂ ಹೊರಾಂಗಣಕ್ಕಾಗಿ ಕೊಳ್ಳಬಾರದು.

ಮಾಪಕವು ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಆದಷ್ಟೂ ಮಣ್ಣು ಅಥವಾ ಹುಲ್ಲಿನ ಮೇಲೆ ಇರಬೇಕು. ಮೇ ತಿಂಗಳ ಸಂಜೆಯಲ್ಲಿ ಕಾಂಕ್ರೀಟು ತಾರಸಿಯು ಹಗಲು ಹೀರಿದ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಅಲ್ಲಿಟ್ಟ ಮಾಪಕವು ಬೇಗಂಪೇಟೆಗಿಂತ ಹೆಚ್ಚು ತೋರಿಸಿದರೆ 'ನಮ್ಮ ಬಡಾವಣೆ ಹೆಚ್ಚು ಬಿಸಿ' ಎಂದು ತೀರ್ಮಾನಿಸಲಾಗದು. ತಾರಸಿಯೇ ಗತಿಯಾದರೆ ಹೂಕುಂಡಗಳ ನಡುವೆ, ಹವಾನಿಯಂತ್ರಕದ ಹೊರಘಟಕದಿಂದಲೂ ಸೌರ ನೀರುಕಾಯಕದಿಂದಲೂ ದೂರದಲ್ಲಿ ಇಡುವುದು ಉತ್ತಮ. ಹಾಗಿಟ್ಟ ಮಾಪಕವೂ ಒಂದು ಉಪಯುಕ್ತ ಸಂಗತಿಯನ್ನು ತಿಳಿಸುತ್ತದೆ: ಮೇಲಿನ ಮಹಡಿಯಲ್ಲಿ ಮಲಗುವ ವೃದ್ಧರಿಗೆ ರಾತ್ರಿಯಲ್ಲಿ ಎಷ್ಟು ಶಾಖ ತಗಲುತ್ತಿದೆಯೆಂಬುದು. ಈ ಅಂಕಿ ನಗರದ ಉಷ್ಣತೆಯಲ್ಲ, ನಮ್ಮ ತಾರಸಿಯದೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿಡಬೇಕು.

ಆರ್ದ್ರತೆಯನ್ನು ಅಳೆಯುವ ಸಂವೇದಕಗಳು ವರ್ಷಗಳು ಕಳೆದಂತೆ ದಾರಿ ತಪ್ಪುತ್ತವೆ. ಪರೀಕ್ಷೆಗೆ ಅಡುಗೆಮನೆಯ ಉಪ್ಪೇ ಸಾಕು. ಒಂದು ಮುಚ್ಚಳದಲ್ಲಿ ಉಪ್ಪನ್ನು ಹಾಕಿ, ಪೂರ್ತಿ ಕರಗದಂತೆ ತುಸುವೇ ನೀರು ಬೆರೆಸಿ, ಅದನ್ನೂ ಸಂವೇದಕವನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ದಿನ ಬಿಟ್ಟರೆ ಒಳಗಿನ ಆರ್ದ್ರತೆಯು ಸುಮಾರು ನೂರಕ್ಕೆ 75ಕ್ಕೆ ಬಂದು ನಿಲ್ಲುತ್ತದೆ. ಸಂವೇದಕವು 85 ಎಂದು ತೋರಿಸಿದರೆ ಅದರ ತಪ್ಪು ಎಷ್ಟೆಂಬುದು ಗೊತ್ತಾದಂತಾಯಿತು.

ವಾಯುಭಾರ

ಹೊಸಬರನ್ನು ಹೆಚ್ಚಾಗಿ ಗೊಂದಲಕ್ಕೀಡುಮಾಡುವ ಅಂಕಿ ಇದು. ಪತ್ರಿಕೆಯಲ್ಲಿ 1010 ಹೆಕ್ಟೋಪಾಸ್ಕಲ್ ಎಂದಿರುವಾಗ ಮನೆಯ ಉಪಕರಣವು 950ರ ಆಸುಪಾಸಿನಲ್ಲಿ ತೋರಿಸಿದರೆ ಅದು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಬೇಕಾಗಿಲ್ಲ. ಎತ್ತರಕ್ಕೆ ಹೋದಂತೆ ಎಂಟೊಂಬತ್ತು ಮೀಟರಿಗೆ ಒಂದು ಹೆಕ್ಟೋಪಾಸ್ಕಲಿನಷ್ಟು ವಾಯುಭಾರ ಇಳಿಯುತ್ತದೆ. ಹೈದರಾಬಾದು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿರುವುದರಿಂದ ಅರವತ್ತರಷ್ಟು ವ್ಯತ್ಯಾಸ ಸಹಜ. ಊರೂರುಗಳ ಅಂಕಿಗಳನ್ನು ಹೋಲಿಸಲು ಅನುಕೂಲವಾಗಲೆಂದು ಇಲಾಖೆಯವರು ಅವನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸಿ ಪ್ರಕಟಿಸುತ್ತಾರೆ. ಶಾಂತವಾದ ಒಂದು ಬೆಳಿಗ್ಗೆ ಬೇಗಂಪೇಟೆಯ ಅಂಕಿಗೆ ನಮ್ಮ ಉಪಕರಣವನ್ನು ಹೊಂದಿಸಿಕೊಂಡರೆ ಸಾಕು.

ವಾಯುಭಾರ ಮಾಪಕವನ್ನು ಮನೆಯೊಳಗೇ ಇಡಬಹುದು. ಫ್ಲಾಟಿನಲ್ಲಿರುವವರಿಗೂ ನಿಖರವಾಗಿ ಅಳೆಯಲು ಸಾಧ್ಯವಾಗುವುದು ಇದೊಂದೇ. ನಮ್ಮ ಪ್ರದೇಶದಲ್ಲಿ ಅದು ಪ್ರತಿದಿನ ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ನಸುಕಿನಲ್ಲಿಯೂ ಸಂಜೆಯಲ್ಲಿಯೂ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಈ ನಿತ್ಯದ ಲಯವನ್ನು ಕೆಲವು ವಾರ ಗಮನಿಸಿದವರಿಗೆ, ಬಂಗಾಳ ಕೊಲ್ಲಿಯಿಂದ ವಾಯುಭಾರ ಕುಸಿತವೊಂದು ಬರುವಾಗ ಲಯ ಮುರಿದು ಅಂಕಿ ಇಳಿಯುತ್ತಲೇ ಹೋಗುವುದು ಕಣ್ಣಿಗೆ ಬೀಳುತ್ತದೆ.

ಗಾಳಿ

ಗಾಳಿಯ ವೇಗವನ್ನು ಅಳೆಯುವ ಮಾಪಕವು ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಸುತ್ತಲೂ ಕಟ್ಟಡಗಳಿರುವ ನಗರದಲ್ಲಿ ಇದನ್ನು ಪಾಲಿಸುವುದು ಬಹುತೇಕ ಅಸಾಧ್ಯ. ನಮಗೆ ದೊರೆಯುವುದು ಕಟ್ಟಡಗಳ ಸಂದುಗಳಲ್ಲಿ ಸುಳಿಯುವ ಗಾಳಿಯ ಲೆಕ್ಕ. ಆದುದರಿಂದ ಇದು ಪಟ್ಟಿಯಲ್ಲಿ ಕೊನೆಯದು. ಅಳೆಯಲೇಬೇಕೆನ್ನುವವರು ಕಂಬವನ್ನು ಭದ್ರವಾಗಿ ಬಿಗಿಯಬೇಕು. ವಿದ್ಯುತ್ ತಂತಿಗಳ ಹತ್ತಿರ ಹೋಗಬಾರದು. ಸಿಡಿಲಿನ ಸಮಯದಲ್ಲಿ ತಾರಸಿಗೆ ಹತ್ತಲೇಬಾರದು.

ಒಂದೇ ಕಂಬವೋ, ಬಿಡಿ ಉಪಕರಣಗಳೋ?

ಮಾರುಕಟ್ಟೆಯಲ್ಲಿ ಎರಡು ಬಗೆಯ ಕೇಂದ್ರಗಳಿವೆ. ಎಲ್ಲ ಸಂವೇದಕಗಳನ್ನೂ ಒಂದೇ ಘಟಕದಲ್ಲಿ ಸೇರಿಸಿದ್ದು ಮೊದಲನೆಯದು. ಡೇವಿಸ್ ಸಂಸ್ಥೆಯ ವಾಂಟೇಜ್ ವ್ಯೂ ಈ ಬಗೆಯದು. ಜೋಡಿಸುವುದು ಸುಲಭ, ಆದರೆ ರಾಜಿ ಅನಿವಾರ್ಯ. ಗಾಳಿಗಾಗಿ ಎತ್ತರಕ್ಕೆ ಏರಿಸಿದರೆ ಮಳೆಮಾಪಕವೂ ಗಾಳಿಯ ಬಾಯಿಗೆ ಸಿಕ್ಕಿ ಕಡಿಮೆ ಮಳೆಯನ್ನು ತೋರಿಸುತ್ತದೆ. ಮಳೆಗಾಗಿ ತಗ್ಗಿಸಿದರೆ ಗಾಳಿಯ ಅಂಕಿ ನಿರುಪಯುಕ್ತವಾಗುತ್ತದೆ. ಎರಡನೆಯ ಬಗೆಯಲ್ಲಿ ಭಾಗಗಳನ್ನು ಬೇರೆ ಬೇರೆ ಕಡೆ ಇಡಬಹುದು. ಅದೇ ಸಂಸ್ಥೆಯ ವಾಂಟೇಜ್ ಪ್ರೊ 2ರಲ್ಲಿ ಗಾಳಿಯ ಮಾಪಕವನ್ನು ಬೇರ್ಪಡಿಸಿ ಎತ್ತರದಲ್ಲಿ ಕಟ್ಟಬಹುದು. ಇಕೋವಿಟ್ ಸಂಸ್ಥೆಯು ಮಳೆ, ಉಷ್ಣತೆ, ಗಾಳಿಯ ಸೂಕ್ಷ್ಮ ಧೂಳು ಮುಂತಾದವುಗಳಿಗೆ ಬಿಡಿ ಸಂವೇದಕಗಳನ್ನು ತಯಾರಿಸುತ್ತದೆ. ಇಂದು ಒಂದನ್ನು, ಬರುವ ವರ್ಷ ಮತ್ತೊಂದನ್ನು ಸೇರಿಸುತ್ತ ಹೋಗಬಹುದು. ಈ ಹೆಸರುಗಳು ಉದಾಹರಣೆಗಾಗಿ ಮಾತ್ರ. ಹಂತಹಂತವಾಗಿ ಕಲಿಯುವವರಿಗೆ ಬಿಡಿ ಉಪಕರಣಗಳ ದಾರಿಯೇ ಹೆಚ್ಚು ಹೊಂದುತ್ತದೆಯೆಂಬುದು ನಮ್ಮ ಅಭಿಪ್ರಾಯ.

ಮಕ್ಕಳು ಅಮೆರಿಕಾದಲ್ಲಿರುವ ಮನೆಗಳಿಗೆ ವಿಶೇಷವಾಗಿ ಒಂದು ಮಾತು. ನಿಸ್ತಂತು ಕೇಂದ್ರಗಳು ದೇಶಕ್ಕೆ ತಕ್ಕಂತೆ ಬೇರೆ ಬೇರೆ ರೇಡಿಯೋ ಕಂಪನಾಂಕಗಳಲ್ಲಿ ಕೆಲಸ ಮಾಡುತ್ತವೆ. ಅಮೆರಿಕಾದಲ್ಲಿ ಮಾರುವ ಹಲವು ಮಾದರಿಗಳು 915 ಮೆಗಾಹರ್ಟ್ಸ್ ಕಂಪನಾಂಕವನ್ನು ಬಳಸುತ್ತವೆ. ಅದು ಭಾರತದಲ್ಲಿ ಪರವಾನಗಿಯಿಲ್ಲದ ಬಳಕೆಗೆ ಬಿಟ್ಟುಕೊಟ್ಟ ಪಟ್ಟಿಯಲ್ಲಿಲ್ಲ. ಮಿತವಾದ ಶಕ್ತಿಯ 433 ಮೆಗಾಹರ್ಟ್ಸ್ ಉಪಕರಣಗಳಿಗೆ ಇಲ್ಲಿ ಅವಕಾಶವಿದೆ. ಒಂದು ಕಂಪನಾಂಕದ ಸಂವೇದಕವು ಇನ್ನೊಂದರ ಪರದೆಯೊಡನೆ ಹೊಂದಿಕೊಳ್ಳುವುದೂ ಇಲ್ಲ. ರಜೆಯಲ್ಲಿ ಬರುವಾಗ ತರಬೇಕೆಂದಿರುವವರಿಗೆ ಇದನ್ನು ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ಅಂತರ್ಜಾಲಕ್ಕೆ ಜೋಡಿಸುವವರು ಇನ್ನೊಂದು ಸಂಗತಿಯನ್ನೂ ನೋಡಬೇಕು: ಬಹಳಷ್ಟು ಕೇಂದ್ರಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಗುರುತಿಸುತ್ತವೆ. ಬಟ್ಟಲು, ಸಂವೇದಕಗಳಂಥ ಬಿಡಿಭಾಗಗಳು ಪ್ರತ್ಯೇಕವಾಗಿ ದೊರೆಯುವವೇ ಎಂದು ಮಾರುವವರನ್ನು ಕೇಳದೆ ಹಣ ಕೊಡಬಾರದು.

ಫ್ಲಾಟುಗಳಲ್ಲಿ ವಾಸಿಸುವವರು ಬಾಲ್ಕನಿಯಲ್ಲಿ ಮಳೆಯನ್ನು ಅಳೆಯಲು ಪ್ರಯತ್ನಿಸಬೇಕಾಗಿಲ್ಲ. ಅದು ಸಾಧ್ಯವೂ ಇಲ್ಲ. ನಿವಾಸಿಗಳ ಸಂಘದ ಒಪ್ಪಿಗೆ ಪಡೆದು ಇಡೀ ಕಟ್ಟಡಕ್ಕೆ ತಾರಸಿಯ ಮೇಲೊಂದು ಮಾಪಕವನ್ನು ಇಡುವುದು ಎಲ್ಲ ರೀತಿಯಿಂದಲೂ ಮೇಲು. ನೆಲಮಾಳಿಗೆಯ ಪಂಪನ್ನು ಯಾವಾಗ ಸಿದ್ಧವಾಗಿಡಬೇಕೆಂಬ ಪ್ರಶ್ನೆ ಎಲ್ಲರದೂ ಆಗಿರುವುದರಿಂದ ಅದರ ಖರ್ಚೂ ಹಂಚಿಹೋಗಬಹುದು.

ಲೆಕ್ಕದ ಪುಸ್ತಕ

ಉಪಕರಣಕ್ಕಿಂತ ಬೆಲೆಯುಳ್ಳದ್ದು ಲೆಕ್ಕದ ಪುಸ್ತಕ. ಹವಾಮಾನ ಇಲಾಖೆಯ ದಿನವು ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಅಳೆದ ಹಿಂದಿನ 24 ಗಂಟೆಗಳ ಮಳೆಯನ್ನು ಅಂದಿನ ತಾರೀಖಿಗೆ ಬರೆಯುತ್ತಾರೆ. ನಾವೂ ಅದೇ ಸಮಯವನ್ನು ಪಾಲಿಸಿದರೆ ಮಾತ್ರ ನಮ್ಮ ಅಂಕಿಯನ್ನು ಬೇಗಂಪೇಟೆ, ಹಕೀಂಪೇಟೆಗಳ ಅಂಕಿಗಳೊಡನೆ ಹೋಲಿಸಬಹುದು. ಇಲಾಖೆಯ ಪರಿಭಾಷೆಯಂತೆ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದರೆ ಅದು 'ಮಳೆಯ ದಿನ'. 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4ನ್ನು ಮೀರಿದರೆ ಅತ್ಯಂತ ಭಾರಿ ಮಳೆ. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಬೇಕು. ಅಳೆಯದ ದಿನ ಗೆರೆಯನ್ನು ಎಳೆಯಬೇಕು. ಸೊನ್ನೆಯೂ ಖಾಲಿಯೂ ಒಂದೇ ಅಲ್ಲವೆಂಬುದು ಲೆಕ್ಕ ಬರೆಯುವವರಿಗೆಲ್ಲ ತಿಳಿದದ್ದೇ. ಪಕ್ಕದಲ್ಲಿ ಒಂದೆರಡು ಮಾತುಗಳ ಷರಾ ಇರಲಿ: 'ಮೋರಿ ಉಕ್ಕಿತು', 'ಸಂಪು ತುಂಬಿತು', 'ನೆಲಮಾಳಿಗೆಗೆ ನೀರು ಬಂತು'. ಮೂರು ನಾಲ್ಕು ವರ್ಷಗಳ ನಂತರ ಈ ಷರಾಗಳನ್ನೂ ಅಂಕಿಗಳನ್ನೂ ಒಟ್ಟಿಗೆ ನೋಡಿದರೆ, ಎಷ್ಟು ಮಳೆಗೆ ನಮ್ಮ ಬೀದಿ ಮುಳುಗುತ್ತದೆಯೆಂಬುದು ಗೊತ್ತಾಗುತ್ತದೆ. ಆ ಅಂಕಿಯನ್ನು ಜಗತ್ತಿನ ಯಾವ ಇಲಾಖೆಯೂ ನಮಗೆ ಕೊಡಲಾರದು.

ನಮ್ಮ ಹಿರಿಯರಂತೆ ಮಳೆ ನಕ್ಷತ್ರಗಳ ಲೆಕ್ಕವನ್ನೂ ಇಡಬಹುದು. ಕನ್ನಡದ ರೈತ ಮೃಗಶಿರ ಮಳೆ, ಆರಿದ್ರಾ ಮಳೆ ಎಂದರೆ ತೆಲುಗಿನ ನೆರೆಯವರು ಅದನ್ನೇ ಕಾರ್ತೆ ಎನ್ನುತ್ತಾರೆ. ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ನಕ್ಷತ್ರದ ಮೊತ್ತವನ್ನು ಕೂಡಿಸಿ ನೋಡಿದರೆ, ಮೊಮ್ಮಕ್ಕಳಿಗೆ ಪಂಚಾಂಗವೂ ವಿಜ್ಞಾನವೂ ಒಂದೇ ಪುಟದಲ್ಲಿ ಪರಿಚಯವಾಗುತ್ತವೆ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ ಹುಟ್ಟುವ ಮುನ್ನವೇ ಆಲಿಕೆಯನ್ನು ತೊಳೆದು ಸಿದ್ಧವಾಗಿಡಬೇಕು.

ನೆರೆಹೊರೆಯ ಹತ್ತಾರು ಮನೆಗಳು ಸೇರಿದರೆ ಈ ಲೆಕ್ಕದ ಬೆಲೆ ಹತ್ತು ಪಟ್ಟಾಗುತ್ತದೆ. 1997ರ ಜುಲೈಯಲ್ಲಿ ಅಮೆರಿಕಾದ ಫೋರ್ಟ್ ಕಾಲಿನ್ಸ್ ಪಟ್ಟಣದ ಒಂದು ಭಾಗದಲ್ಲಿ ಒಂದು ಅಡಿಗೂ ಹೆಚ್ಚು ಮಳೆ ಸುರಿದು ಪ್ರವಾಹ ಬಂದಾಗ, ಅದೇ ಪಟ್ಟಣದ ಇತರ ಭಾಗಗಳಲ್ಲಿ ಸಾಧಾರಣ ಮಳೆಯಷ್ಟೇ ಆಗಿತ್ತು. ಈ ಅನುಭವದಿಂದ ಎಚ್ಚೆತ್ತು ಮರುವರ್ಷ ಅಲ್ಲಿ ಆರಂಭವಾದ ಸ್ವಯಂಸೇವಕರ ಜಾಲವು ಮುಂದೆ ದೇಶದಾದ್ಯಂತ ಹರಡಿತು. ಅವರು ಬಳಸುವುದು ನಾಲ್ಕು ಇಂಚು ವ್ಯಾಸದ, ಕೈಯಿಂದ ಅಳೆಯುವ ಪ್ಲಾಸ್ಟಿಕ್ ಮಳೆಮಾಪಕವನ್ನೇ. ದುಬಾರಿ ಯಂತ್ರವಿಲ್ಲದೆಯೂ ವಿಜ್ಞಾನಕ್ಕೆ ಉಪಯೋಗವಾಗಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಮನೆಯ ಕೇಂದ್ರವು ಬಿದ್ದ ಮಳೆಯನ್ನು ಹೇಳುತ್ತದೆ, ಬೀಳಲಿರುವ ಮಳೆಯನ್ನಲ್ಲ. ಮುನ್ಸೂಚನೆಗೂ ಎಚ್ಚರಿಕೆಗೂ ಹವಾಮಾನ ಇಲಾಖೆಯ ಪ್ರಕಟಣೆಯನ್ನೇ ಆಧರಿಸಬೇಕು. ನಮ್ಮ ಅಂಕಿಯನ್ನು ಇತರರಿಗೆ ತಿಳಿಸುವಾಗ ಸ್ಥಳ, ಆರಂಭದ ಸಮಯ, ಮುಕ್ತಾಯದ ಸಮಯ ಇವು ಮೂರನ್ನೂ ಸೇರಿಸಿಯೇ ತಿಳಿಸಬೇಕು.

ಆದುದರಿಂದ ಆಸಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವರ್ಷ ಕೆಲವು ನೂರು ರೂಪಾಯಿಗಳ ಮಳೆಮಾಪಕವನ್ನೂ ನೂರು ಪುಟದ ಪುಸ್ತಕವನ್ನೂ ಕೊಳ್ಳಿರಿ. ಒಂದು ಮಳೆಗಾಲ ಪೂರ್ತಿ ಬೆಳಿಗ್ಗೆ 8.30ಕ್ಕೆ ತಪ್ಪದೆ ಅಳೆಯಿರಿ. ಆ ಅಭ್ಯಾಸ ನಿಂತರೆ ಬರುವ ವರ್ಷ ಸಾವಿರಾರು ರೂಪಾಯಿಗಳ ಕೇಂದ್ರವನ್ನು ಧೈರ್ಯವಾಗಿ ತರಬಹುದು. ಎಲ್ಲಿ ಇಡಬೇಕು, ಏನನ್ನು ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕೆಂಬುದು ಅಷ್ಟರೊಳಗೆ ತಮಗೇ ತಿಳಿದಿರುತ್ತದೆ. ಅಭ್ಯಾಸ ನಿಲ್ಲದಿದ್ದರೆ ನಷ್ಟವಾದದ್ದು ಕೆಲವು ನೂರು ರೂಪಾಯಿ ಮಾತ್ರ.